ತಂಗಿಗೆ ಮುಂಬೈಗೆ ಟ್ರಾನ್ಸ್‌ಫರ್: ಮಗನನ್ನು ಕರೆದುಕೊಂಡು ಹೋಗಲು ಭಾವನ ಒಪ್ಪಿಗೆ ಬೇಕಾ?

ಮೂಡುಬೆಳ್ಳೆ ಮಾವ
ಎಲ್ಲರಿಗೂ ನಮಸ್ಕಾರ. ತಂಗಿಯ ವಿಷಯ. ಅವಳು ಇಂಥದ್ದರಲ್ಲೆಲ್ಲ ಬರೆಯುವವಳಲ್ಲ, ಹಾಗಾಗಿ ನಾನು ಕೇಳುತ್ತಿದ್ದೇನೆ. ಅವಳಿಗೂ ಭಾವನಿಗೂ ಒಪ್ಪಿಗೆಯ ಡೈವೋರ್ಸ್ ಆಗಿದೆ. ಅಳಿಯನಿಗೆ ಎಂಟು ವರ್ಷ, ಮೂರನೇ ಕ್ಲಾಸು. ತಾಯಿಯ ಜೊತೆ ಉಡುಪಿಯಲ್ಲಿದ್ದಾನೆ. ಭಾವ ಮಂಗಳೂರಿನಲ್ಲಿ. ತಿಂಗಳಿಗೆ ಎರಡು ಶನಿವಾರ-ಭಾನುವಾರ ಹುಡುಗ ಅಲ್ಲಿಗೆ ಹೋಗುತ್ತಾನೆ. ದಸರಾ ರಜೆ, ಬೇಸಿಗೆ ರಜೆ ಅರ್ಧರ್ಧ. ಇಷ್ಟರವರೆಗೆ ದೊಡ್ಡ ಜಗಳ ಏನೂ ಇರಲಿಲ್ಲ.

ಈಗ ತಂಗಿಗೆ ಬ್ಯಾಂಕಿನಲ್ಲಿ ಪ್ರಮೋಶನ್ ಬಂದಿದೆ, ಜೊತೆಗೆ ಮುಂಬೈಗೆ ಟ್ರಾನ್ಸ್‌ಫರ್. ಬೇಡ ಅಂದರೆ ಪ್ರಮೋಶನ್ ಕೂಡ ಹೋಯಿತು. ಭಾವನಿಗೆ ಹೇಳಿದ್ದೇ ತಡ, "ಮಗನನ್ನು ಜಿಲ್ಲೆಯ ಗಡಿಯ ಶಿರೂರು ಗೇಟು ದಾಟಿಸಿ ನೋಡು, ಕೇಸು ಹಾಕುತ್ತೇನೆ" ಅಂದರಂತೆ.

ಕಸ್ಟಡಿ ಅವಳದ್ದೇ ಇರುವಾಗ ಊರು ಬದಲಿಸಲು ಅವರ ಒಪ್ಪಿಗೆ ಬೇಕಾ? ಮೊದಲು ಹೋಗಿ ಶಾಲೆಗೆ ಸೇರಿಸಿ, ಆಮೇಲೆ ಕೋರ್ಟಿಗೆ ತಿಳಿಸಿದರೆ ನಡೆಯುತ್ತದಾ? ಜೂನ್ ಹತ್ತಿರ ಬಂತು.

ಬೈಕಂಪಾಡಿ ಬ್ರೇಕ್
ತಾಯಿ ಎಲ್ಲಿಯೋ ಮಗು ಅಲ್ಲಿ. ಇದರಲ್ಲಿ ಕೇಳುವುದು ಎಂತ ಉಂಟು ಮಾರಾಯ್ರೆ? ಬ್ಯಾಗ್ ಕಟ್ಟಿ ಹೊರಡಲಿ.

ಕೋರ್ಟ್ ಕಟ್ಟೆ
ಹಾಗೆ ಬ್ಯಾಗ್ ಕಟ್ಟಿದವರೇ ಆಮೇಲೆ ನಮ್ಮ ಆಫೀಸಿಗೆ ಬರುವುದು.

ಮಾವ, ಮೊದಲು ಡಿಕ್ರಿಯ, ಅಂದರೆ ಡೈವೋರ್ಸ್ ಕೊಟ್ಟ ಕೋರ್ಟಿನ ಆದೇಶದ, ಸರ್ಟಿಫೈಡ್ ಕಾಪಿ ತೆಗೆದು ಓದಿ. ಒಪ್ಪಿಗೆಯ ಡೈವೋರ್ಸ್ ಅಂದ ಮೇಲೆ ಇಬ್ಬರೂ ಸಹಿ ಹಾಕಿದ ಷರತ್ತುಗಳು ಇದ್ದೇ ಇರುತ್ತವೆ. "ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ವ್ಯಾಪ್ತಿಯ ಹೊರಗೆ ಕರೆದೊಯ್ಯಬಾರದು" ಅನ್ನುವ ಸಾಲು ಉಂಟಾ ನೋಡಿ. ಇದ್ದರೆ ಚರ್ಚೆಯೇ ಬೇಡ, ಅರ್ಜಿ ಹಾಕಲೇಬೇಕು. ಆ ಸಾಲು ಇಲ್ಲ ಅಂತಲೇ ಇಟ್ಟುಕೊಳ್ಳಿ. ತಿಂಗಳಿಗೆ ಎರಡು ವಾರಾಂತ್ಯ ಅಪ್ಪನ ಹತ್ತಿರ ಅಂತ ಬರೆದಿದೆಯಲ್ಲ, ಮುಂಬೈಯಿಂದ ಅದನ್ನು ಪಾಲಿಸುವುದು ಹೇಗೆ? ಪಾಲಿಸದಿದ್ದರೆ ಆದೇಶ ಮುರಿದ ಹಾಗೆ. ಆದೇಶ ಜಾರಿ ಮಾಡಿಸಿ ಅಂತ ಅವರು ಎಕ್ಸಿಕ್ಯೂಶನ್ ಹಾಕಬಹುದು, ಕಸ್ಟಡಿಯನ್ನೇ ಬದಲಿಸಿ ಅಂತಲೂ ಕೇಳಬಹುದು.

ಒಳ್ಳೆಯ ಸುದ್ದಿಯೂ ಉಂಟು. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಡಿಕ್ರಿ ಆದ ಮೇಲೂ ಮಗುವಿನ ಕಸ್ಟಡಿ, ಖರ್ಚು, ಓದಿನ ಬಗ್ಗೆ ಕೋರ್ಟು ಆದೇಶ ಬದಲಿಸಬಹುದು. ಡೈವೋರ್ಸ್ ಒಮ್ಮೆ ಆದರೆ ಆಯಿತು, ಕಸ್ಟಡಿ ಹಾಗಲ್ಲ. 2010ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹೆಚ್ಚುಕಡಿಮೆ ನಿಮ್ಮಂಥದ್ದೇ ಕೇಸು ಬಂದಿತ್ತು. ಒಪ್ಪಿಗೆಯ ಡೈವೋರ್ಸ್, ಆಮೇಲೆ ತಾಯಿಗೆ ಆಸ್ಟ್ರೇಲಿಯಾಕ್ಕೆ ಹೋಗಬೇಕಿತ್ತು. ಮಗುವನ್ನು ಕರೆದುಕೊಂಡು ಹೋಗಲು ಕೋರ್ಟು ಬಿಟ್ಟಿತು, ತಂದೆಯ ಭೇಟಿಗೆ ಬೇರೆ ವ್ಯವಸ್ಥೆ ಮಾಡಿತು. 2020ರಲ್ಲಿ ಸಿಂಗಾಪುರಕ್ಕೆ ಹೊರಟ ಬೆಂಗಳೂರಿನ ತಾಯಿಗೂ ಅನುಮತಿ ಸಿಕ್ಕಿದೆ. ಆ ತಾಯಂದಿರು ಕೋರ್ಟಿಗೆ ಬಂದು ಕೇಳಿದ್ದರು. ನಿಮ್ಮ ಎರಡನೇ ಪ್ರಶ್ನೆಗೆ ಅದೇ ಉತ್ತರ.

ಬೈಕಂಪಾಡಿ ಬ್ರೇಕ್
ಸರಿ ವಕೀಲರೇ, ಬ್ಯಾಗ್ ಬಿಚ್ಚಿದೆ.

ಕಾಪು ಲೈಟ್‌ಹೌಸ್
ಹುಡುಗನಿಗೆ ಐದು ವರ್ಷ ದಾಟಿತಲ್ಲ? ಐದಾದ ಮೇಲೆ ಗಂಡು ಮಗು ಅಪ್ಪನಿಗೆ ಸೇರಬೇಕು ಅಂತ ಕಾನೂನೇ ಉಂಟು. ಭಾವ ಕೇಸು ಹಾಕಿದರೆ ಗೆದ್ದೇ ಗೆಲ್ಲುತ್ತಾರೆ.

ಕೋರ್ಟ್ ಕಟ್ಟೆ
ಇಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲನೆ ಕಾಯ್ದೆಯ 6ನೇ ಸೆಕ್ಷನ್ ಹೇಳುವುದು ಇಷ್ಟೇ: ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಐದು ತುಂಬಿದ ದಿನ ಅಪ್ಪನಿಗೆ ಒಪ್ಪಿಸಿ ಅಂತ ಎಲ್ಲೂ ಇಲ್ಲ. ಗಂಡು-ಹೆಣ್ಣು ಭೇದವೂ ಅದರಲ್ಲಿಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ ಮಗುವಿನ ಹಿತವೇ ಮೊದಲು ಅನ್ನುತ್ತದೆ.

ಇನ್ನು ಸಹಜ ಪಾಲಕರು ಯಾರು ಅಂತ ಅದೇ 6ನೇ ಸೆಕ್ಷನ್ ಹೇಳುವ "ತಂದೆ, ಅವನ ನಂತರ ತಾಯಿ" ಅನ್ನುವ ಮಾತು ಹಿಡಿದುಕೊಂಡು ಯಾರಾದರೂ ಬರುವ ಮೊದಲೇ ಹೇಳಿಬಿಡುತ್ತೇನೆ. 1999ರ ಗೀತಾ ಹರಿಹರನ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಸಡಿಲ ಮಾಡಿದೆ. ತಂದೆ ಸತ್ತ ಮೇಲೆಯೇ ತಾಯಿ ಅಂತ ಅರ್ಥವಲ್ಲ, ಅವನು ಹೊಣೆ ಹೊರದೆ ಇರುವಾಗಲೂ ತಾಯಿಯೇ ಪಾಲಕಿ.

ಗುತ್ತಿನ ಮನೆ
ನಮ್ಮ ತುಳುನಾಡಿನಲ್ಲಿ ಇದೆಲ್ಲ ಪ್ರಶ್ನೆಯೇ ಆಗಿರಲಿಲ್ಲ. ಅಳಿಯಕಟ್ಟು! ಮಗು ತಾಯಿಯ ಬರಿ (ಗೋತ್ರದ ಹಾಗೆ), ತಾಯಿಯ ಕುಟುಂಬ. ಜವಾಬ್ದಾರಿ ಸೋದರಮಾವನದ್ದು. ನೋಡಿ, ಇಲ್ಲಿಯೂ ಕೇಳುತ್ತಿರುವುದು ಮಾವನೇ. ಅಪ್ಪ ಅಂದರೆ ಆಗಾಗ ಬಂದು ಹೋಗುವ ನೆಂಟ.

ಎರಡನೇ ಶನಿವಾರದ ಅಪ್ಪ
ಆಗಾಗ ಬಂದು ಹೋಗುವ ನೆಂಟ! ಭಾರೀ ಚಂದ ಹೇಳಿದಿರಿ.

ನಾನು ಆ ನೆಂಟ. ಕೇಸು ನಡೆಯುವಾಗ ಮಗಳನ್ನು ಕೋರ್ಟಿನ ಮಕ್ಕಳ ಕೋಣೆಯಲ್ಲಿ ನೋಡಬೇಕಿತ್ತು. ಯಾವ ಊರು ಅಂತ ಹೇಳುವುದಿಲ್ಲ. ಗೋಡೆಯ ಮೇಲೆ ಒಂದು ಆನೆಯ ಚಿತ್ರ, ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಬುಟ್ಟಿಯಲ್ಲಿ ಚಕ್ರ ಇಲ್ಲದ ಕಾರು. ಫ್ಯಾನಿನ ಕೆಳಗಿನ ಕುರ್ಚಿಗೆ ಬೇರೆ ಅಪ್ಪಂದಿರ ಜೊತೆ ಪೈಪೋಟಿ. ಅವಳಿಗೆ ಇಷ್ಟ ಅಂತ ಗೋಳಿಬಜೆ ಕಟ್ಟಿಸಿಕೊಂಡು ಹೋದರೆ ಹೊರಗಿನ ತಿಂಡಿ ಬೇಡ ಅಂದರು. ಮೊದಲ ಅರ್ಧ ಗಂಟೆ ಮಗು ಮುಖ ನೋಡುವುದಿಲ್ಲ. ಮಾತಿಗೆ ಬರುವ ಹೊತ್ತಿಗೆ ಸಮಯ ಮುಗಿಯಿತು ಅಂತ ಕರೆಯುತ್ತಾರೆ. ಈಗ ಪರವಾಗಿಲ್ಲ, ಮನೆಗೇ ಬರುತ್ತಾಳೆ.

ಹಾಗಾಗಿ ಮೂಡುಬೆಳ್ಳೆಯವರ ಭಾವ ಕೂಗಾಡಿದ್ದು ನನಗೆ ತಪ್ಪು ಅನ್ನಿಸುವುದಿಲ್ಲ. ಎರಡು ವಾರಕ್ಕೊಮ್ಮೆ ಬರುವ ಮಗ ಇನ್ನು ವರ್ಷಕ್ಕೆ ಎರಡು ಸಲ ಬರುತ್ತಾನೆ ಅಂದರೆ ಯಾರಿಗೆ ತಡೆಯುತ್ತದೆ? ಪ್ರಮೋಶನ್ ತಂಗಿಗೆ, ನಷ್ಟ ಅವರಿಗೆ. ಅವರನ್ನು ಕೂರಿಸಿಕೊಂಡು ಮಾತಾಡಿದಿರಾ, ಇಲ್ಲ ವಾಟ್ಸಾಪ್‌ನಲ್ಲಿ ಟ್ರಾನ್ಸ್‌ಫರ್ ಆರ್ಡರ್ ಕಳಿಸಿದಿರಾ?

ಮೂಡುಬೆಳ್ಳೆ ಮಾವ
ವಾಟ್ಸಾಪ್‌ನಲ್ಲೇ.

ಎರಡನೇ ಶನಿವಾರದ ಅಪ್ಪ
ಹಾಂ.

ಕೋರ್ಟ್ ಕಟ್ಟೆ
ಗುತ್ತಿನ ಮನೆಯವರೇ, ಅಳಿಯಸಂತಾನ, ಅಂದರೆ ನಿಮ್ಮ ಅಳಿಯಕಟ್ಟು, ಆಸ್ತಿ ಮತ್ತು ವಂಶದ ಪದ್ಧತಿ. ಇವತ್ತು ಕಸ್ಟಡಿ ಕೇಸಿಗೆ ಹೋದರೆ ಬರಿ ಯಾವುದು ಅಂತ ಯಾರೂ ಕೇಳುವುದಿಲ್ಲ. ಬಂಟರಿರಲಿ ಬ್ರಾಹ್ಮಣರಿರಲಿ 1956ರ ಕಾಯ್ದೆ ಒಂದೇ. ಬ್ಯಾರಿ ಮುಸ್ಲಿಮರು, ಕ್ರೈಸ್ತರು ಕೂಡ 1890ರ ಪಾಲಕರ ಕಾಯ್ದೆಯಡಿ ಅರ್ಜಿ ಹಾಕಬಹುದು, ಅಲ್ಲಿಯೂ ನೋಡುವುದು ಮಗುವಿನ ಹಿತವನ್ನೇ. ಮಾವನಿಗೆ ಪ್ರೀತಿ ಇರಬಹುದು, ತಂದೆ-ತಾಯಿ ಇಬ್ಬರೂ ಇರುವಾಗ ಹಕ್ಕು ಅಂತ ಏನೂ ಇಲ್ಲ.

ಗುತ್ತಿನ ಮನೆ
ದೈವದ ನೇಮಕ್ಕೆ ಖರ್ಚು ಮಾಡಲು ಮಾತ್ರ ಮಾವ ಬೇಕು ಹಾಗಾದರೆ 😄

ಕುಂದಾಪ್ರ ಕೋರಿ
ಅಪ್ಪನೂ ತಾಯಿಯೂ ಮಾತಾಡುತ್ತಿದ್ದೀರಿ, ಹುಡುಗನನ್ನು ಕೇಳಿದ್ದು ಯಾರು? ಎಂಟು ವರ್ಷ ಅಂದರೆ ಬುದ್ಧಿ ಇರುತ್ತದೆ.

ಎರಡು ಮನೆ
ಕೇಳಿ, ಆದರೆ "ನಿನಗೆ ಅಪ್ಪ ಬೇಕಾ ಅಮ್ಮ ಬೇಕಾ" ಅಂತ ಮಾತ್ರ ಕೇಳಬೇಡಿ.

ನಾನು ಹಾಗೆ ಬೆಳೆದವಳು. ಅಮ್ಮ ಸುರತ್ಕಲ್, ಅಪ್ಪ ಪುತ್ತೂರು. ಜನರಿಗೆ ಕಾಣುವುದು ಕೋರ್ಟು, ಜಗಳ. ನನಗೆ ನೆನಪಿರುವುದು ಪುಸ್ತಕ. ಯಾವಾಗಲೂ ಒಂದು ಪುಸ್ತಕ ಇನ್ನೊಂದು ಮನೆಯಲ್ಲಿ ಉಳಿಯುತ್ತಿತ್ತು. ಸೋಮವಾರ ಸಮಾಜದ ಪುಸ್ತಕ ಎಲ್ಲಿ ಅಂತ ಟೀಚರ್ ಕೇಳಿದರೆ ಪುತ್ತೂರಿನಲ್ಲಿ ಅಂತ ಇಡೀ ಕ್ಲಾಸಿನ ಮುಂದೆ ಹೇಳಬೇಕು. ಕೊನೆಗೆ ಅಪ್ಪ ಎಲ್ಲ ಪುಸ್ತಕದ ಎರಡನೇ ಸೆಟ್ ತೆಗೆದಿಟ್ಟರು. ಅಷ್ಟೇ. ಅಪ್ಪ ನನಗಾಗಿ ಮಾಡಿದ್ದರಲ್ಲಿ ನನಗೆ ಅದೇ ದೊಡ್ಡದು.

ಇನ್ನೊಂದು. ಪುತ್ತೂರಿನಿಂದ ವಾಪಸ್ ಬಂದ ಕೂಡಲೇ ಅಜ್ಜಿಯ ವಿಚಾರಣೆ ಶುರು: ಅಲ್ಲಿ ಎಂತ ಊಟ, ಯಾರು ಬಂದಿದ್ದರು, ಅಪ್ಪ ಅಮ್ಮನ ಬಗ್ಗೆ ಎಂತ ಹೇಳಿದ. ನಾನು ಎರಡೂ ಮನೆಯಲ್ಲಿ ಸುಳ್ಳು ಹೇಳಲು ಕಲಿತೆ. ಮುಂಬೈ ಆದರೂ ಸರಿ, ಉಡುಪಿ ಆದರೂ ಸರಿ, ಆ ವಿಚಾರಣೆ ಒಂದು ನಿಲ್ಲಿಸಿ.

ಕುಂದಾಪ್ರ ಕೋರಿ
ನೀವು ಹೇಳಿದ್ದು ಸರಿ. ನನ್ನ ಪ್ರಶ್ನೆ ವಾಪಸ್.

ಕೋರ್ಟ್ ಕಟ್ಟೆ
ನ್ಯಾಯಾಧೀಶರು ಮಗುವಿನ ಹತ್ತಿರ ಮಾತಾಡುತ್ತಾರೆ. ಹೆಚ್ಚಾಗಿ ಚೇಂಬರಿನಲ್ಲಿ, ಅಪ್ಪ-ಅಮ್ಮನನ್ನು ಹೊರಗೆ ಕೂರಿಸಿ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಗಮನಿಸಬಹುದು ಅಂತ 1890ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಆದರೆ ಅದೇ ಕೊನೆಯ ಮಾತಲ್ಲ. ಹೇಳಿಕೊಟ್ಟ ಪಾಠವೋ ಅಲ್ಲವೋ ಅವರಿಗೆ ಗೊತ್ತಾಗುತ್ತದೆ.

ಟೀಚರಮ್ಮ ಬ್ರಹ್ಮಾವರ
ಶಾಲೆಯ ಕಡೆಯಿಂದ ಎರಡು ಮಾತು. ಟಿಸಿಗೆ ತಂದೆಯ ಸಹಿಯೂ ಬೇಕು ಅಂತ ಕೆಲವು ಕಡೆ ಹೇಳುತ್ತಾರೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 5ನೇ ಸೆಕ್ಷನ್ ನೋಡಿದರೆ, ಮಗು ಬೇರೆ ರಾಜ್ಯಕ್ಕೆ ಹೋಗುವುದಿದ್ದರೂ ಮುಖ್ಯ ಶಿಕ್ಷಕರು ಟಿಸಿಯನ್ನು ತಡ ಮಾಡದೆ ಕೊಡಬೇಕು. ಆದರೆ ನಮ್ಮ ಕಷ್ಟವೂ ಉಂಟು. ಒಬ್ಬರು ಬಂದು ಟಿಸಿ ಕೊಡಿ ಅನ್ನುತ್ತಾರೆ, ಮಾರನೇ ದಿನ ಇನ್ನೊಬ್ಬರು ಬಂದು ಯಾಕೆ ಕೊಟ್ಟಿರಿ ಅನ್ನುತ್ತಾರೆ. ಆದೇಶದ ಪ್ರತಿ ಶಾಲೆಗೆ ಕೊಟ್ಟುಬಿಡಿ, ನಾವೂ ಬಚಾವ್.

ಎರಡನೆಯದು ಯಾರೂ ಯೋಚಿಸದ ವಿಷಯ. ನಿಮ್ಮ ಷರತ್ತಿನಲ್ಲಿ ದಸರಾ ರಜೆ ಅರ್ಧರ್ಧ ಅಂತ ಉಂಟಲ್ಲ? ಮುಂಬೈ ಶಾಲೆಗಳಲ್ಲಿ ದಸರಾಕ್ಕೆ ನಮ್ಮ ಹಾಗೆ ಉದ್ದದ ರಜೆ ಇರುವುದಿಲ್ಲ, ಉದ್ದದ ರಜೆ ದೀಪಾವಳಿಗೆ. ಬೇಸಿಗೆ ರಜೆಯೂ ಹಿಂದೆ ಮುಂದೆ. ನಮ್ಮಲ್ಲಿ ಜೂನ್ ಶುರುವಿಗೆ ಶಾಲೆ ಬಾಗಿಲು ತೆಗೆದರೆ ಅಲ್ಲಿ ಸ್ಟೇಟ್ ಬೋರ್ಡಿನವರು ಜೂನ್ ಮಧ್ಯಕ್ಕೆ. ಸಿಬಿಎಸ್‌ಇ ಆದರೆ ಏಪ್ರಿಲ್‌ನಲ್ಲೇ ಕ್ಲಾಸು ಶುರುವಾಗಿರುತ್ತದೆ. ಹಳೆಯ ಷರತ್ತನ್ನು ಹಾಗೇ ಕಾಪಿ ಮಾಡಿದರೆ ಭಾವ ದಸರಾಕ್ಕೆ ಸ್ಟೇಷನ್ನಿಗೆ ಬರುತ್ತಾರೆ, ಹುಡುಗ ಪರೀಕ್ಷೆ ಬರೆಯುತ್ತಿರುತ್ತಾನೆ. ಮೊದಲು ಶಾಲೆ ಯಾವುದು ಅಂತ ನಿರ್ಧರಿಸಿ, ಅದರ ಕ್ಯಾಲೆಂಡರ್ ತರಿಸಿ, ಆಮೇಲೆ ರಜೆಯ ಸಾಲು ಬರೆಯಿರಿ.

ಹಾಂ, ಅಲ್ಲಿ ಮರಾಠಿ ಕಡ್ಡಾಯ. 2020ರ ಕಾಯ್ದೆ, ಎಲ್ಲ ಬೋರ್ಡಿಗೂ. ಮೂರನೇ ಕ್ಲಾಸಿನ ಮಗು ಬೇಗ ಕಲಿಯುತ್ತದೆ, ಹೆದರುವುದು ಬೇಡ.

ಮಲ್ಪೆ ಪೋರ್ಟ್
ಮರಾಠಿ ಎಂತ ಕಷ್ಟ. ನಮ್ಮೂರಿನ ಅರ್ಧ ಜನ ಮುಂಬೈ ಹೋಟೆಲಿನಲ್ಲಿ ಕಲಿತು ಬಂದವರೇ.

ಶಿರಾಡಿ ಗುಂಡಿ
ಇಷ್ಟೆಲ್ಲ ಬೇಡ. ಒಂದು ವೇಳೆ ತಂಗಿ ಹೋಗಿಯೇ ಬಿಟ್ಟರೆ ಭಾವ ಸ್ಟೇಷನ್ನಿಗೆ ಹೋಗಿ ಕಿಡ್ನ್ಯಾಪ್ ಕೇಸು ಕೊಟ್ಟರೆ ಆಯಿತು. ಪೊಲೀಸರೇ ಕರೆತರುತ್ತಾರೆ.

ಕೋರ್ಟ್ ಕಟ್ಟೆ
ಕಸ್ಟಡಿ ಇರುವ ತಾಯಿ ಮೇಲೆ ಕಿಡ್ನ್ಯಾಪ್ ಕೇಸಾ? ಇದು ಫ್ಯಾಮಿಲಿ ಮ್ಯಾಟರ್, ಕೋರ್ಟಿಗೆ ಹೋಗಿ ಅಂತ ಹೆಚ್ಚಿನ ಕಡೆ ವಾಪಸ್ ಕಳಿಸುತ್ತಾರೆ. ಮಗುವನ್ನು ಕಾನೂನುಬಾಹಿರವಾಗಿ ಇಟ್ಟುಕೊಂಡಿದ್ದಾರೆ ಅಂತ ತೋರಿಸಿದರೆ ಮಗುವನ್ನು ಕೋರ್ಟಿನ ಮುಂದೆ ತರಿಸಿ ಅಂತ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಬಹುದು. ಅದಕ್ಕೆ ಬೆಂಗಳೂರಿಗೆ ಓಡಬೇಕು.

ಶಿರಾಡಿ ಗುಂಡಿ
ಅದಕ್ಕೇ ನಾವು ಹೇಳುವುದು, ಮಂಗಳೂರಿಗೆ ಹೈಕೋರ್ಟ್ ಪೀಠ ಬೇಕು ಅಂತ. ಧಾರವಾಡಕ್ಕೆ ಉಂಟು, ಕಲಬುರಗಿಗೆ ಉಂಟು. ನಾವು ಮಳೆಗಾಲದಲ್ಲಿ ಘಾಟಿ ಕುಸಿದರೆ ವಾಯಿದೆಗೆ ಹೋಗುವುದು ಹೇಗೆ?

ಕಾಪು ಲೈಟ್‌ಹೌಸ್
ಪೀಠ ಬರುವ ಮೊದಲು ಘಾಟಿ ಸರಿಯಾಗಲಿ.

ಬೈಕಂಪಾಡಿ ಬ್ರೇಕ್
ಘಾಟಿ ಸರಿಯಾಗುವ ಮೊದಲು ಆ ಹುಡುಗನಿಗೆ ಮದುವೆ ಆಗಿರುತ್ತದೆ.

ಅಡ್ಮಿನ್
ಘಾಟಿಗೆ ಬೇರೆ ಚರ್ಚೆ ಉಂಟು. ಇಲ್ಲಿ ಕಸ್ಟಡಿ ಮಾತ್ರ.

ದುಬೈ ಕುಡ್ಲ
ಮುಂಬೈ ಆದರೂ ಇದೇ ದೇಶ, ಪುಣ್ಯ. ನನ್ನ ಕಥೆ ಕೇಳಿ. ನಾವು ಮೂವರೂ ದುಬೈಯಲ್ಲಿದ್ದೆವು. ಹೆಂಡತಿ ರಜೆಗೆ ಅಂತ ಮಗನನ್ನು ಕರೆದುಕೊಂಡು ಊರಿಗೆ ಹೋದವಳು ವಾಪಸ್ ಬರಲಿಲ್ಲ. ಫೋನಿನಲ್ಲೇ ಗೊತ್ತಾದದ್ದು. ದುಬೈಯಲ್ಲಿ ಕೇಸು ಹಾಕಿ ಆದೇಶ ತಂದರೆ ಊರಿನಲ್ಲಿ ನಡೆಯುತ್ತದೆ ಅಂತ ಗೆಳೆಯರು ಹೇಳಿದರು. ನಡೆಯುತ್ತದಾ ವಕೀಲರೇ?

ಕೋರ್ಟ್ ಕಟ್ಟೆ
ನೇರವಾಗಿ ನಡೆಯುವುದಿಲ್ಲ. ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ದ ಮಕ್ಕಳನ್ನು ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹೊರದೇಶದ ಆದೇಶವನ್ನು ಇಲ್ಲಿನ ಕೋರ್ಟು ಪರಿಗಣಿಸುತ್ತದೆ, ಆದರೆ ಕಣ್ಣುಮುಚ್ಚಿ ಒಪ್ಪುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ, ಮಗುವಿನ ಹಿತವನ್ನು ಇಲ್ಲಿಯೇ ಮತ್ತೆ ನೋಡಬೇಕು ಅಂತ. ನೀವು ಇಲ್ಲಿ ಅರ್ಜಿ ಹಾಕಿ. ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಅಲ್ಲಿನ ಕೋರ್ಟು. ಪ್ರತಿ ವಾಯಿದೆಗೂ ವಿಮಾನ ಹತ್ತಬೇಕಿಲ್ಲ, ವಿಡಿಯೋ ಮೂಲಕ ಹಾಜರಾಗಲು ಅನುಮತಿ ಕೇಳಬಹುದು. ಮಧ್ಯಂತರ ಅರ್ಜಿಯಲ್ಲಿ ಮೊದಲು ವಿಡಿಯೋ ಕಾಲ್‌ನ ಆದೇಶ ತೆಗೆದುಕೊಳ್ಳಿ. ತಡ ಮಾಡಿದಷ್ಟು ಮಗು ಇಲ್ಲಿಗೆ ಒಗ್ಗಿಕೊಂಡಿದೆ ಅನ್ನುವ ವಾದ ಗಟ್ಟಿಯಾಗುತ್ತದೆ.

ದುಬೈ ಕುಡ್ಲ
ಹೆಂಡತಿ ಮಗನಿಗೆ ಹೊಸ ಪಾಸ್‌ಪೋರ್ಟ್ ಮಾಡಿಸಿ ಬೇರೆ ದೇಶಕ್ಕೆ ಹೋದರೆ?

ಕೋರ್ಟ್ ಕಟ್ಟೆ
ಚಿಕ್ಕ ಮಕ್ಕಳ ಪಾಸ್‌ಪೋರ್ಟಿಗೆ ಇಬ್ಬರ ಸಹಿಯ ಘೋಷಣೆ ಬೇಕು. ಇನ್ನೊಬ್ಬರ ಒಪ್ಪಿಗೆ ಸಿಗದಿದ್ದರೆ ಕಾರಣ ಬರೆದು ಒಬ್ಬರೇ ಕೊಡುವ ಫಾರ್ಮ್ ಬೇರೆ ಉಂಟು, ಅದರಲ್ಲಿ ಕೋರ್ಟಿನ ಕೇಸಿನ ಬಗ್ಗೆ ಸುಳ್ಳು ಹೇಳುವಂತಿಲ್ಲ. ಕೇಸು ಹಾಕಿದ ಕೂಡಲೇ ಪಾಸ್‌ಪೋರ್ಟ್ ಆಫೀಸಿಗೆ ಲಿಖಿತವಾಗಿ ತಿಳಿಸಿ. ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯಬಾರದು ಅಂತ ಮಧ್ಯಂತರ ಆದೇಶವನ್ನೂ ಕೇಳಿ. ಉಳಿದದ್ದಕ್ಕೆ ಹೊಸ ಚರ್ಚೆ ಶುರು ಮಾಡಿ, ಇಲ್ಲಿ ಎರಡು ಕೇಸು ಬೆರಕೆ ಆಗುತ್ತಿದೆ.

ಮೂಡುಬೆಳ್ಳೆ ಮಾವ
ಡಿಕ್ರಿ ಸಿಕ್ಕಿತು. ಐದನೇ ಷರತ್ತು: "ಮಗುವಿನ ವಾಸಸ್ಥಳ ಬದಲಿಸುವ ಮೊದಲು ಮೊದಲನೇ ಅರ್ಜಿದಾರರು ಎರಡನೇ ಅರ್ಜಿದಾರರಿಗೆ ಲಿಖಿತವಾಗಿ ತಿಳಿಸತಕ್ಕದ್ದು." ಮೊದಲನೆಯವರು ಅಂದರೆ ತಂಗಿ, ಎರಡನೆಯವರು ಭಾವ. ಅನುಮತಿ ಅಂತ ಇಲ್ಲ, ತಿಳಿಸಬೇಕು ಅಂತ ಮಾತ್ರ ಇದೆ. ಹಾಗಾದರೆ ಒಂದು ರಿಜಿಸ್ಟರ್ಡ್ ಪೋಸ್ಟ್ ಕಳಿಸಿ ಹೊರಡಬಹುದಲ್ಲ?

ಬೈಕಂಪಾಡಿ ಬ್ರೇಕ್
ನಾನು ಮತ್ತೆ ಬ್ಯಾಗ್ ಕಟ್ಟಲಾ?

ಕೋರ್ಟ್ ಕಟ್ಟೆ
ಬೇಡ. ಪೋಸ್ಟ್ ಕಳಿಸಿ, ಅದು ಬೇಕೇ ಬೇಕು. ಆದರೆ ವಾರಾಂತ್ಯದ ಭೇಟಿಯ ಷರತ್ತು ಹಾಗೇ ಉಳಿದಿದೆ, ಅದನ್ನು ಬದಲಿಸುವುದು ಕೋರ್ಟು ಮಾತ್ರ. ಇಬ್ಬರೂ ಒಪ್ಪಿ ಜಂಟಿ ಮೆಮೊ (ಇಬ್ಬರೂ ಸಹಿ ಹಾಕಿದ ಒಪ್ಪಿಗೆಯ ಪತ್ರ) ಕೊಟ್ಟರೆ ಕೆಲಸ ಸುಲಭ. ಒಪ್ಪದಿದ್ದರೆ ತಂಗಿ ಒಬ್ಬಳೇ ಅರ್ಜಿ ಹಾಕಲಿ, ಕೋರ್ಟು ಹೆಚ್ಚಾಗಿ ಮೊದಲು ಮೀಡಿಯೇಶನ್‌ಗೆ ಕಳಿಸುತ್ತದೆ. ಟ್ರಾನ್ಸ್‌ಫರ್ ಆರ್ಡರ್, ಶಾಲೆಯ ಸೀಟು, ಮನೆಯ ವಿಳಾಸ, ಅವಳು ಆಫೀಸಿಗೆ ಹೋದಾಗ ಹುಡುಗನನ್ನು ಯಾರು ನೋಡಿಕೊಳ್ಳುತ್ತಾರೆ, ಎಲ್ಲ ಬರೆಯಲಿ. ಅದಕ್ಕಿಂತ ಮುಖ್ಯ, ಅಪ್ಪನಿಗೆ ಬದಲಿಗೆ ಏನು ಕೊಡುತ್ತೀರಿ ಅನ್ನುವುದು ಅರ್ಜಿಯಲ್ಲೇ ಇರಲಿ. ತಂದೆಗೆ ಸಿಗುವ ದಿನ ಕಡಿಮೆ ಮಾಡಿ ಅಂತ ಕೇಳುವವರಿಗೂ ಬೇರೆ ರೀತಿ ಹಂಚಿಕೊಡುತ್ತೇನೆ ಅನ್ನುವವರಿಗೂ ಕೋರ್ಟಿನ ಕಣ್ಣಲ್ಲಿ ಭಾರೀ ವ್ಯತ್ಯಾಸ ಉಂಟು.

ವಕೀಲರ ಫೀಸು ಕಷ್ಟ ಇದ್ದವರಿಗೆ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಉಂಟು. 15100ಕ್ಕೆ ಫೋನ್ ಮಾಡಬಹುದು.

ಎರಡನೇ ಶನಿವಾರದ ಅಪ್ಪ
ನಾನು ಭಾವನ ಜಾಗದಲ್ಲಿದ್ದರೆ ಕೇಳುವುದು ಹೇಳುತ್ತೇನೆ, ಬರೆದುಕೊಳ್ಳಿ. ದೀಪಾವಳಿ ರಜೆ ಪೂರ್ತಿ. ಬೇಸಿಗೆ ರಜೆಯ ದೊಡ್ಡ ಪಾಲು. ವಾರಕ್ಕೆ ಮೂರು ದಿನ ವಿಡಿಯೋ ಕಾಲ್, ಹೊತ್ತು ಗೊತ್ತು ಮಾಡಿ, ತಾಯಿ ಪಕ್ಕದಲ್ಲಿ ಕೂತು ಹೇಳಿಕೊಡದೆ. ನಾನು ಮುಂಬೈಗೆ ಬಂದರೆ ಯಾವ ವಾರಾಂತ್ಯವಾದರೂ ಎರಡು ದಿನ ನನ್ನ ಜೊತೆ, ಮೊದಲೇ ತಿಳಿಸಿದ್ದರೆ ಸಾಕು. ಶಾಲೆಯ ಮಾರ್ಕ್ಸ್ ಕಾರ್ಡ್, ಡಾಕ್ಟರ್ ಚೀಟಿ ನನಗೂ ಬರಬೇಕು.

ಕುಂದಾಪ್ರ ಕೋರಿ
ದೀಪಾವಳಿ ಪೂರ್ತಿ ಯಾಕೆ? ತಾಯಿಗೆ ಹಬ್ಬ ಬೇಡವಾ? ವರ್ಷಪೂರ್ತಿ ಡಬ್ಬಿ ಕಟ್ಟಿ, ಹೋಮ್‌ವರ್ಕ್ ಮಾಡಿಸಿ, ಜ್ವರಕ್ಕೆ ರಾತ್ರಿ ನಿದ್ದೆಗೆಟ್ಟು, ಹಬ್ಬದ ದಿನ ಮಗು ಇಲ್ಲ. ಇದು ಯಾವ ನ್ಯಾಯ?

ಎರಡನೇ ಶನಿವಾರದ ಅಪ್ಪ
ಆ ಡಬ್ಬಿ ಕಟ್ಟುವ ಭಾಗ್ಯ ನಮಗೆ ಕೊಡಿ ಹಾಗಾದರೆ.

ಎರಡು ಮನೆ
ಮಗು ಗದ್ದೆ ಅಲ್ಲ, ಅಂಚಿಗೆ ಕಲ್ಲು ಹಾಕಿ ಪಾಲು ಮಾಡಲು. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಹಬ್ಬ ಮಾಡಿ. ನನಗೆ ಎರಡು ಕಡೆಯೂ ಪಟಾಕಿ ಸಿಗುತ್ತಿತ್ತು, ಬೇಜಾರೇನೂ ಇರಲಿಲ್ಲ.

ಕಾಪು ಲೈಟ್‌ಹೌಸ್
ಭಾವ ಸಿಟ್ಟಿನಲ್ಲಿ ತಿಂಗಳ ಖರ್ಚಿನ ದುಡ್ಡು ನಿಲ್ಲಿಸಿದರೆ?

ಕೋರ್ಟ್ ಕಟ್ಟೆ
ನಿಲ್ಲಿಸುವಂತಿಲ್ಲ. ಮಗು ತೋರಿಸಿಲ್ಲ ಅಂತ ದುಡ್ಡು ನಿಲ್ಲಿಸಲಾಗದು, ದುಡ್ಡು ಬಂದಿಲ್ಲ ಅಂತ ಮಗು ತೋರಿಸದೆ ಇರಲೂ ಆಗದು. ಎರಡೂ ಬೇರೆ ಬೇರೆ. ಈ ಎರಡನ್ನು ಗಂಟು ಹಾಕಿಯೇ ಅರ್ಧ ಕೇಸುಗಳು ಹಾಳಾಗುವುದು.

ಮೂಡುಬೆಳ್ಳೆ ಮಾವ
ನಿನ್ನೆ ನಾನೇ ಮಂಗಳೂರಿಗೆ ಹೋಗಿ ಭಾವನನ್ನು ಭೇಟಿಯಾದೆ. ವಾಟ್ಸಾಪ್ ಬೇಡ ಅನ್ನಿಸಿತು. ಮೊದಲು ಮುಖ ಊದಿಸಿಕೊಂಡೇ ಇದ್ದರು. ಐಡಿಯಲ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಂ ಮುಗಿಯುವ ಹೊತ್ತಿಗೆ ಬಾಯಿ ಬಿಟ್ಟರು. ಅವರಿಗೆ ಮುಂಬೈ ಬೇಡ ಅಂತಲ್ಲ. ಹುಡುಗ ತುಳು ಮರೆಯುತ್ತಾನೆ, ತನ್ನನ್ನೂ ಮರೆಯುತ್ತಾನೆ ಅನ್ನುವ ಹೆದರಿಕೆ. ಮೆಮೊಗೆ ಸಹಿ ಹಾಕುತ್ತೇನೆ, ಆದರೆ ಹುಡುಗನ ಟಿಕೆಟ್ ಖರ್ಚು ತಂಗಿ ಕೊಡಬೇಕು ಅಂದರು. ಊರು ಬಿಟ್ಟದ್ದು ಅವಳಲ್ಲವಾ ಅಂತ ಅವರ ವಾದ. ತಂಗಿ ಅರ್ಧ ಅನ್ನುತ್ತಿದ್ದಾಳೆ.

ಮಲ್ಪೆ ಪೋರ್ಟ್
ಮತ್ಸ್ಯಗಂಧ ರೈಲಿನಲ್ಲಿ ಎಂತ ದೊಡ್ಡ ಖರ್ಚು? ಉಡುಪಿಯಲ್ಲಿ ಮಧ್ಯಾಹ್ನ ಮೇಲೆ ಹತ್ತಿದರೆ ಬೆಳಗ್ಗೆ ಮುಂಬೈ. ಐದು ದಾಟಿದ ಮಗುವಿಗೆ ಬರ್ತ್ ಬೇಕಾದರೆ ಪೂರ್ತಿ ಚಾರ್ಜು, ಅದು ನೆನಪಿರಲಿ. ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುವುದು. ದೀಪಾವಳಿಗೆ ಬೆಳಗ್ಗೆಯೇ ಕೂತು ಒತ್ತದಿದ್ದರೆ ವೇಟಿಂಗ್ ಲಿಸ್ಟೇ ಗತಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ಸಮಯವೂ ಬದಲಾಗುತ್ತದೆ.

ಕುಂದಾಪ್ರ ಕೋರಿ
ಎಂಟು ವರ್ಷದವನನ್ನು ಒಬ್ಬನೇ ರೈಲಿಗೆ ಹತ್ತಿಸುತ್ತೀರಾ? ಜೊತೆಗೆ ಹೋಗುವವರ ಟಿಕೆಟ್ ಯಾರು ಕೊಡುವುದು?

ಎರಡನೇ ಶನಿವಾರದ ಅಪ್ಪ
ರಜೆ ಶುರುವಾದಾಗ ಅಪ್ಪ ಹೋಗಿ ಕರೆದುಕೊಂಡು ಬರಲಿ, ಮುಗಿದಾಗ ಅಮ್ಮ ಬಂದು ಕರೆದೊಯ್ಯಲಿ. ಅವರವರ ಟಿಕೆಟ್ ಅವರವರದ್ದು, ಹುಡುಗನದ್ದು ಅರ್ಧರ್ಧ. ನಾವು ಹಾಗೆಯೇ ಮಾಡಿದ್ದು.

ಕೋರ್ಟ್ ಕಟ್ಟೆ
ಇದನ್ನೇ ಮೆಮೊದಲ್ಲಿ ಬರೆಯಿರಿ. ರೈಲು ತಪ್ಪಿದರೆ, ಹುಡುಗನಿಗೆ ಜ್ವರ ಬಂದರೆ ಆ ದಿನಗಳನ್ನು ಯಾವಾಗ ತುಂಬಿಕೊಡುವುದು ಅಂತಲೂ ಒಂದು ಸಾಲು ಸೇರಿಸಿ. ಸಹಿಗೆ ಇಬ್ಬರೂ ಬರಬೇಕು. ತಂಗಿ ಮುಂಬೈಯಲ್ಲಿ ಡ್ಯೂಟಿಗೆ ಸೇರುವ ಮೊದಲೇ ವಾಯಿದೆ ಸಿಗುವ ಹಾಗೆ ಈ ವಾರವೇ ಫೈಲ್ ಮಾಡಿ. ಬೇಸಿಗೆಯಲ್ಲಿ ಕೋರ್ಟಿಗೂ ರಜೆ.

ಮೂಡುಬೆಳ್ಳೆ ಮಾವ
ಸೋಮವಾರ ಫೈಲ್ ಮಾಡುತ್ತೇವೆ. ಹುಡುಗನ ಟಿಕೆಟ್ ಖರ್ಚು ಅರ್ಧರ್ಧ ಅನ್ನುವುದಕ್ಕೆ ಇಬ್ಬರೂ ಒಪ್ಪಿದ್ದಾರೆ. ಈಗ ಹೊಸ ಜಗಳ, ವಿಡಿಯೋ ಕಾಲ್ ಏಳು ಗಂಟೆಗಾ ಎಂಟು ಗಂಟೆಗಾ ಅಂತ.

ಟೀಚರಮ್ಮ ಬ್ರಹ್ಮಾವರ
ಏಳು. ಎಂಟಕ್ಕೆ ಮಕ್ಕಳು ತೂಕಡಿಸುತ್ತಾರೆ.